ರೊಸ್ಮೀರಾ ಹುಟ್ಟು ಹಿಡಿದದ್ದು

ತುಮಾಕೊ ಪೇಟೆಯ ಕಡೆಯ ನಮ್ಮ ಹಿನ್ನೀರಿನ ಹೆಂಗಸರದ್ದು ಕೆಸರಿನ ದುಡಿಮೆ. ಸಮುದ್ರ ಇಳಿದ ಹೊತ್ತಿನಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಮೇಲೆದ್ದ ಬೇರಿನ ನಡುವೆ ಬಗ್ಗಿ, ಮೊಣಕೈವರೆಗೆ ಕೈ ಹಾಕಿ ಕಪ್ಪೆಚಿಪ್ಪು ತೆಗೆಯಬೇಕು. ರೊಸ್ಮೀರಾ ಕಿನ್ಯೋನೆಸ್ ನಮ್ಮೆಲ್ಲರಿಗಿಂತ ಹೆಚ್ಚು ತೆಗೆಯುತ್ತಿದ್ದಳು. ಆದರೂ ಮಗಳಿಗೆ ಹದಿನಾರು ವರ್ಷ ತುಂಬುವವರೆಗೂ ಅವಳ ದುಡಿಮೆಯ ಒಂದು ಪೆಸೊ ಕೂಡ ನೇರವಾಗಿ ಅವಳ ಕೈಗೆ ಬಂದಿರಲಿಲ್ಲ.

ದೂರದ ಕಾಡಿಗೆ ನಮ್ಮನ್ನು ಕರೆದೊಯ್ಯುತ್ತಿದ್ದ ಇಂಜಿನ್ ದೋಣಿ ಅಂಗಡಿಯ ಯಜಮಾನ ದೋನ್ ಎವಾರಿಸ್ಟೋನದು; ದೋನ್ ಎಂದರೆ ದೊಡ್ಡವರಿಗೆ ಮರ್ಯಾದೆಯ ಮಾತು. ಅವನ ದೋಣಿ ಹತ್ತಿದವರು ಅವನಿಗೇ ಮಾರಬೇಕು, ಅವನು ಹೇಳಿದ ಬೆಲೆಗೆ. ರೊಸ್ಮೀರಾಳ ಗಂಡ ಅಲೀರಿಯೋ ಅವನ ಅಂಗಡಿಯಲ್ಲೇ ಮೂಟೆ ಹೊರುತ್ತಿದ್ದ. ಶನಿವಾರ ತನ್ನ ಕೂಲಿಯ ಜೊತೆ ಹೆಂಡತಿಯ ಚಿಪ್ಪಿನ ಹಣವನ್ನೂ ಅವನೇ ಜೇಬಿಗಿಳಿಸುತ್ತಿದ್ದ. ಕೆಟ್ಟ ಮನುಷ್ಯನಲ್ಲ, ಕೈ ಎತ್ತಿದವನಲ್ಲ. ಸಾಬೂನು ಬೇಕೆಂದರೆ ಸಾಬೂನು ತರುತ್ತಿದ್ದ. ಆದರೆ ಬೇಕೆಂದು ಬಾಯಿಬಿಟ್ಟು ಕೇಳಲೇಬೇಕಿತ್ತು.

ಒಮ್ಮೆ ಮಗಳು ದೈಲಿಸ್‌ಗೆ ಒಳಬಟ್ಟೆ ಕೊಳ್ಳಬೇಕಾಗಿ ರೊಸ್ಮೀರಾ ಅಂಗಡಿಗೇ ಹೋಗಿ ದುಡ್ಡು ಕೇಳಿದಳು. ಸುತ್ತ ಗಂಡಸರು ಡೊಮಿನೊ ಆಡುತ್ತಿದ್ದರು. "ಯಾತಕ್ಕೆ?" ಎಂದ ಅಲೀರಿಯೋ. ಅವಳು ಮೆಲ್ಲಗೆ ಹೇಳಿದಳು. "ಯಾತಕ್ಕೆ ಅಂದೆ? ಕೇಳಿಸ್ಲಿಲ್ಲ." ಅವಳು ಜೋರಾಗಿ ಹೇಳಬೇಕಾಯಿತು. ಗಂಡಸರು ನಕ್ಕರು. ಅವಳು ದುಡ್ಡು ತೆಗೆದುಕೊಂಡು ಬಂದಳು.

ಮುಂದಿನ ಸೋಮವಾರ ದೋಣಿಯಲ್ಲಿ ಕಾಡಿಗೆ ಹೋಗುವಾಗ ಮಾತು ತೆಗೆದಳು.

"ದೋನ್ ಎವಾರಿಸ್ಟೋ, ಇನ್ಮೇಲೆ ನನ್ ಚಿಪ್ಪಿನ ದುಡ್ಡು ನನ್ ಕೈಗೇ ಕೊಡಿ."

"ಯಾಕಮ್ಮ, ಗಂಡ ಸತ್ತೋದ್ನಾ?"

"ಗಟ್ಟಿಮುಟ್ಟಾಗಿದ್ದಾನೆ. ಕೆಸರಿಗೆ ಇಳಿಯೋಳು ನಾನು."

"ಹಂಗಾದ್ರೆ ದೋಣೀನೂ ನೀನೇ ತಾ."

ಉಳಿದ ಹೆಂಗಸರು ನಗು ತಡೆದುಕೊಂಡರು. ರೊಸ್ಮೀರಾ ಬಿಡಲಿಲ್ಲ. "ಕೈಗೆ ಕೊಡೋಲ್ಲ ಅಂದ್ರೆ ಇವತ್ತಿನ ಚೀಲ ಪೇಟೆಗೆ ಒಯ್ತೀನಿ. ಅಲ್ಲಿ ಬೆಲೇನೂ ಜಾಸ್ತಿ."

ಅವನು ಇಂಜಿನ್‌ನ ಸದ್ದು ಏರಿಸಿದ, ಅಷ್ಟೆ.

ನಾನು ರೊಸ್ಮೀರಾಳ ಮಗಳಿಗೆ ಜ್ಞಾನಸ್ನಾನದ ತಾಯಿ. ಅದಕ್ಕೆ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಆವತ್ತು ಇಬ್ಬರೂ ಒಟ್ಟಿಗೇ ಕಾಡಿನ ಒಳಭಾಗಕ್ಕೆ ಹೋಗಿದ್ದೆವು. ಇಂಜಿನ್ ಸದ್ದು ಕೇಳಿ ಕೆಸರು ತುಳಿಯುತ್ತ ಈಚೆ ಬಂದಾಗ ದೋಣಿ ದಡ ಬಿಟ್ಟಿತ್ತು. ಉಳಿದ ಹೆಂಗಸರು ಅದರಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ಬೆನಿಲ್ಡಾ, ನೀನು ಬೇಕಾದ್ರೆ ಬಾ," ಎಂದು ದೋನ್ ನನ್ನನ್ನು ಕರೆದ. "ಅವಳನ್ನ ಪೇಟೆಯವರು ಬಂದು ಕರ್ಕೊಂಡೋಗ್ತಾರೆ."

ನಾನು ಹೋಗಲಿಲ್ಲ. ಧೈರ್ಯದಿಂದಲ್ಲ. ಅವಳನ್ನು ಬಿಟ್ಟು ಬಂದು ದೈಲಿಸ್‌ಗೆ ಏನು ಹೇಳುವುದೆಂದು ತೋಚಲಿಲ್ಲ.

ಉಬ್ಬರದ ನೀರು ಮೊದಲು ಸದ್ದಿಲ್ಲದೆ ಬಂತು. ಬೇರುಗಳ ಬುಡದಲ್ಲಿ ಏಡಿಗಳು ಮೇಲಕ್ಕೆ ಹತ್ತತೊಡಗಿದವು. ನಾವೂ ಹತ್ತಿದೆವು. ಸೊಳ್ಳೆ ಓಡಿಸಲು ತೆಂಗಿನ ಸಿಪ್ಪೆ ಉರಿಸಿಟ್ಟುಕೊಂಡ ಡಬ್ಬಿ ಕೈಜಾರಿ ನೀರಿಗೆ ಬಿತ್ತು. ಆಮೇಲೆ ಮುಖ, ಕತ್ತು, ಕಿವಿ ಎಲ್ಲ ಸೊಳ್ಳೆಗಳದ್ದೇ. ಕೈ ಬಿಟ್ಟು ಹೊಡೆದುಕೊಳ್ಳುವ ಹಾಗಿಲ್ಲ; ಬೇರು ಲೋಳೆಯಾಗಿ ಜಾರುತ್ತಿತ್ತು. ಕೂಗಿದೆವು. ಕೂಗು ಮರಗಳೊಳಗೇ ಇಂಗಿಹೋಯಿತು. ಉಬ್ಬರದ ಸೆಳೆತ ಕಾಲನ್ನು ಎಳೆಯುತ್ತಿತ್ತು, ನನಗೆ ಈಜೂ ಅಷ್ಟಕ್ಕಷ್ಟೇ.

"ಕೊಮಾದ್ರೆ, ಚೀಲ ಬಿಟ್ಬಿಡೇ," ಎಂದೆ. ಅವಳು ಚಿಪ್ಪಿನ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡೇ ಹತ್ತಿದ್ದಳು.

"ಬಿಡಲ್ಲ."

"ಭಾರಕ್ಕೆ ಮುಳುಗ್ತೀಯ."

"ಇದು ನಂದು, ಬೆನಿಲ್ಡಾ. ಇದೊಂದೇ ನಂದು."

ಸ್ವಲ್ಪ ಹೊತ್ತಿಗೆ ಅವಳ ಕಾಲು ಜಾರಿತು. ಎದೆಯವರೆಗೆ ನೀರಿಗಿಳಿದು ಬೇರಿಗೆ ಜೋತುಬಿದ್ದಳು. ನಾನು ಅವಳ ಅಂಗಿಯ ಕೊರಳಪಟ್ಟಿಯನ್ನು ಹಿಡಿದೆ. ಆಗ ಅವಳೇ ಹಲ್ಲಿನಿಂದ ಗಂಟು ಬಿಚ್ಚಿ ಚೀಲವನ್ನು ನೀರಿಗೆ ಬಿಟ್ಟಳು. ಅಳಲಿಲ್ಲ. ಅವಳ ಮುಖ ನೋಡಿ ನನಗೆ ನೀರಿಗಿಂತ ಹೆಚ್ಚು ಭಯವಾಯಿತು.

ಹೊತ್ತು ಇಳಿಯುವಾಗ ಎಲೆಗಳ ಸಂದಿನಲ್ಲಿ ಹುಟ್ಟಿನ ಸದ್ದು ಕೇಳಿಸಿತು. ನಿಕೊಲಾಸಾ ಅಜ್ಜಿ. ನಮ್ಮ ಕಡೆಯ ಮುದುಕಿಯರ ಹಾಗೆ ಚುಟ್ಟದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುತ್ತ, ತನ್ನ ಹಳೆಯ ಮರದ ದೋಣಿಯಲ್ಲಿ ಬರುತ್ತಿದ್ದಳು. ಅರ್ಧ ದಿನ ಹುಟ್ಟು ಹಾಕಿ ಕಾಡಿಗೆ ಬರುವ ಆಕೆಯನ್ನು ನಾವೆಲ್ಲ ಆಮೆ ಎಂದು ಆಡಿಕೊಂಡವರೇ.

"ಇಂಜಿನ್ ದೋಣಿ ವಾಪಸ್ ಹೋಗ್ವಾಗ ತಲೆ ಕಡಿಮೆ ಇದ್ವು," ಎಂದಳು, ನಮ್ಮನ್ನು ಎಳೆದುಕೊಳ್ಳುತ್ತ. "ಅದಕ್ಕೆ ಈ ಕಡೆ ತಿರುಗಿಸ್ದೆ."

"ದೋನ್‌ಗೆ ಗೊತ್ತಾದ್ರೆ ನಿನ್ ಮೇಲೂ ಸಿಟ್ಟಾಗ್ತಾನೆ ಅಜ್ಜಿ," ಎಂದೆ ನಾನು.

"ಆಗ್ಲಿ ಬಿಡು. ನಾನೇನು ಅವನ ದೋಣೀಲಿ ಕೂತಿದೀನಾ?"

ರೊಸ್ಮೀರಾ ತಲೆಯೆತ್ತಿ ಅಜ್ಜಿಯನ್ನೇ ನೋಡಿದಳು. ಆಮೇಲೆ, "ನಂಗೆ ಹುಟ್ಟು ಹಾಕೋದು ಕಲಿಸ್ತೀಯಾ?" ಎಂದು ಕೇಳಿದಳು.

ಮನೆಯಲ್ಲಿ ಅಲೀರಿಯೋ ಬಾಗಿಲಲ್ಲೇ ನಿಂತಿದ್ದ. "ನಾಳೆ ಹೋಗಿ ದೋನ್ ಹತ್ರ ತಪ್ಪಾಯ್ತು ಅನ್ನು. ನನ್ ಕೆಲಸಾನೂ ಹೋಗತ್ತೆ."

"ನಾನು ಸಾಯ್ತಾ ಇದ್ದೆ, ಅಲೀರಿಯೋ."

"ನೀನು ಪೇಟೆ ದೋಣಿ ಹತ್ತಿ ಹೋದೆ ಅಂದ್ರು ದೋನ್."

"ನೀನು ಹುಡುಕೋಕೂ ಬರ್ಲಿಲ್ಲ."

ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ. ಅವಳು ಕೆಸರಿನ ಕಾಲಲ್ಲೇ ನಿಂತು ಹೇಳಿದಳು: "ನನ್ ದುಡಿಮೆ ಬೇರೆಯವ್ರ ಕೈ ಸೇರೋದು ಇವತ್ತಿಗೆ ಮುಗೀತು. ನೀನು ಇರ್ತೀಯಾ, ಇರು. ಬೇಡ ಅನ್ನಲ್ಲ."

ಅವನು ಉಳಿಯಲಿಲ್ಲ. ದೋನ್ ಅವನನ್ನು ಕೆಲಸದಿಂದ ಬಿಡಿಸಿದ. ಅವನು ಸಿಟ್ಟಿನಲ್ಲಿ ಅಣ್ಣನ ಮನೆಗೆ ಹೋದ. ಮುಂದಿನ ತಿಂಗಳುಗಳು ನೋಡುವ ಹಾಗಿರಲಿಲ್ಲ. ಅಜ್ಜಿಯ ದೋಣಿಯಲ್ಲಿ ಕಾಡು ಮುಟ್ಟುವಷ್ಟರಲ್ಲಿ ನೀರು ಇಳಿದಿರುವ ಹೊತ್ತು ಅರ್ಧ ಮುಗಿದಿರುತ್ತಿತ್ತು. ಪೇಟೆಗೆ ಒಯ್ದು ಮಾರಲು ಮೊದಲಿಗಿಂತ ಕಡಿಮೆ ಚಿಪ್ಪು ಸಿಗುತ್ತಿತ್ತು. ತಾಯಿ ಮಗಳು ಬೇಯಿಸಿದ ಬಾಳೆಕಾಯಿ ಮಾತ್ರ ತಿಂದು ಮಲಗಿದ ದಿನಗಳಿವೆ. ಅವಳ ಅಂಗೈ ಒಡೆದು ರಕ್ತ ಬರುತ್ತಿತ್ತು. ಓಣಿಯ ಹೆಂಗಸರು, "ಗಂಡನ್ನೂ ಓಡಿಸಿದ್ಲು, ಹೊಟ್ಟೆಗೂ ಕಲ್ಲು ಹಾಕ್ಕೊಂಡ್ಲು," ಎಂದರು. ನನಗೂ ಹಾಗೇ ಅನ್ನಿಸಿ ಒಮ್ಮೆ ಕೇಳಿಯೇಬಿಟ್ಟೆ: "ಇಷ್ಟು ಕಷ್ಟಪಟ್ಟು ಏನ್ ಬಂತು ನಿಂಗೆ?"

ಅವಳು ಯೋಚಿಸಿ ಹೇಳಿದಳು: "ನಿನ್ನೆ ಕಾಫಿಪುಡಿ ತಂದೆ. ಅಂಗಡಿಗೆ ಹೋದೆ, ಕೊಟ್ಟೆ, ತಂದೆ. ದಾರೀಲಿ ಒಂದು ಮಾತೂ ಜೋಡಿಸ್ಕೋಬೇಕಾಗ್ಲಿಲ್ಲ. ನಿಂಗೆ ಗೊತ್ತಾ, ಮುಂಚೆ ನನ್ ತಲೆ ತುಂಬ ಹೇಗೆ ಕೇಳ್ಲಿ, ಯಾವಾಗ ಕೇಳ್ಲಿ ಅನ್ನೋದೇ ಇರ್ತಿತ್ತು. ಈಗ ತಲೆ ಖಾಲಿಯಾಗಿದೆ ಕಣೇ. ಹಾಡು ಬರತ್ತೆ."

ಮಳೆಗಾಲ ಕಳೆದ ಮೇಲೆ ನದಿಯ ಮೇಲ್ಗಡೆಯ ಬಡಗಿಯಿಂದ, ಕಂತಿನಲ್ಲಿ ದುಡ್ಡು ಕೊಡುವ ಮಾತಿನ ಮೇಲೆ, ಒಂದೇ ಮರ ಕೊರೆದು ಮಾಡಿದ ದೋಣಿ ತಂದಳು. ಅವಳ ಜೊತೆ ಮೊದಲು ಕೂತವಳು ನಾನು. ಆಮೇಲೆ ಆವತ್ತು ತಲೆ ತಗ್ಗಿಸಿ ಕೂತಿದ್ದವರಲ್ಲಿ ಇಬ್ಬರು ಬಂದರು. ರೊಸ್ಮೀರಾ ಅವರಿಗೆ ಏನೂ ಅನ್ನಲಿಲ್ಲ, ಕೂರಲು ಜಾಗ ಮಾಡಿಕೊಟ್ಟಳು. ಚಿಪ್ಪನ್ನು ಯಾರಿಗೆ ಮಾರಬೇಕೆಂದು ಅವರಿಗೆ ಅವಳು ಇವತ್ತಿಗೂ ಅಪ್ಪಣೆ ಮಾಡುವುದಿಲ್ಲ; ಅದು ಅವರವರ ಇಷ್ಟ.

ಅಲೀರಿಯೋ ವರ್ಷದ ಮೇಲೆ ತಿರುಗಿ ಬಂದ. ಮೀನಿನ ಬಲೆ ಹೆಣೆಯುತ್ತಾನೆ. ಇಬ್ಬರ ದುಡ್ಡೂ ಬೇರೆ ಬೇರೆ. ಅಡುಗೆಮನೆಗೆ ಇಬ್ಬರೂ ಹಾಕುತ್ತಾರೆ. ಮೊದಮೊದಲು ಅವನಿಗೆ ಮುಜುಗರವಾಗುತ್ತಿತ್ತು, ಈಗ ಅಭ್ಯಾಸವಾಗಿದೆ. ಹುಟ್ಟು ಹಾಕಿ ಹಾಕಿ ನೋವು ಹಿಡಿದ ರೊಸ್ಮೀರಾಳ ಬಲ ಭುಜ ಮಾತ್ರ ಸರಿಹೋಗಲಿಲ್ಲ, ಮಳೆಯ ದಿನಗಳಲ್ಲಿ ಎತ್ತಲಾಗುವುದಿಲ್ಲ.

ಹೋದ ವಾರ ದೋನ್ ಎವಾರಿಸ್ಟೋ ತಾನೇ ದೋಣಿಕಟ್ಟೆಗೆ ಬಂದು ಅವಳ ಚೀಲ ಮುಟ್ಟಿ ನೋಡಿದ. "ಪೇಟೆ ಬೆಲೆ ಕೊಡ್ತೀನಿ, ಇಲ್ಲೇ ಕೊಟ್ಬಿಡು," ಎಂದ.

"ಮೊದ್ಲು ದುಡ್ಡು ತೆಗೀರಿ."

ಅವನು ತೆಗೆದ. ಅವಳು ಮಾರಿದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿ, "ಅವನಿಗೇ ಕೊಟ್ಯಲ್ಲೇ," ಎಂದೆ.

"ಇವತ್ತು ಬೆಲೆ ಚೆನ್ನಾಗಿತ್ತು," ಎಂದಳು ಅವಳು. ಖಾಲಿ ಚೀಲ ಮಡಚಿ, ಮನೆ ಕಡೆ ನಡೆದಳು.