ಕಿರುಬೆರಳಿನ ಗುರುತಿದ್ದ ರೊಟ್ಟಿ

ಆಗ ನಮ್ಮ ಮನೆಯಲ್ಲಿ ಎಲ್ಲ ದಿನಗಳೂ ರೊಟ್ಟಿ ಬಡಿಯುವ ಸಪ್ಪಳದಿಂದಲೇ ಶುರುವಾಗುತ್ತಿದ್ದವು. ಅವ್ವ ಚೆನ್ನಾಗಿದ್ದ ಕೊನೆಯ ದಿನವೂ ಹಾಗೆಯೇ ಶುರುವಾಯಿತು. ಬೇಸಿಗೆ ಮುಗಿಯುತ್ತ ಬಂದಿತ್ತು, ಶಾಲೆಗೆ ಇನ್ನೂ ರಜೆ. ಬಿಸಿನೀರು ಬಿದ್ದ ಜೋಳದ ಹಿಟ್ಟಿನ ವಾಸನೆ ಹೊರಗಿನ ಕಟ್ಟೆಯವರೆಗೂ ಬರುತ್ತಿತ್ತು. ನನಗೆ ಆಗ ಹತ್ತು ವರ್ಷ.

ನಾವಿದ್ದದ್ದು ನವಲಗುಂದದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಚರ್ಚಿಗೆ ಹೊಂದಿಕೊಂಡ ಎರಡು ಖೋಲಿಗಳಲ್ಲಿ. ಚರ್ಚಿನ ಬಾಜುವಿನ ತಗಡಿನ ಹಾಲಿನಲ್ಲಿ ದಿನಾ ಮಧ್ಯಾಹ್ನ ಊಟ ಹಾಕುತ್ತಿದ್ದರು. ಬಜಾರದ ಹಮಾಲರು, ಹಳ್ಳಿಗಳಿಂದ ದವಾಖಾನೆಗೆ ಬಂದವರು, ಮನೆಯಲ್ಲಿ ಒಲೆ ಹಚ್ಚುವವರಿಲ್ಲದ ಮುದುಕರು, ಯಾರು ಬಂದರೂ ಸಾಲಿನಲ್ಲಿ ಕೂಡುತ್ತಿದ್ದರು. ಅಪ್ಪ ಅಲ್ಲಿಯ ಅಡುಗೆಯವನು. ಬೇಳೆ, ಪಲ್ಯ, ಅನ್ನ, ಸಾರು ಅವನದು. ರೊಟ್ಟಿ ಅವ್ವನ ಪಾಲಿಗೆ. ಸಾಲಿನಲ್ಲಿ ಬಗ್ಗಿ ಬಗ್ಗಿ ರೊಟ್ಟಿ, ಉಳ್ಳಾಗಡ್ಡಿ ಹಾಕುವುದು ರಜೆಯಲ್ಲಿ ನನ್ನ ಕೆಲಸ. ಮೊದಲ ದಿನ ಹಣೆಗೆ ವಿಭೂತಿ ಹಚ್ಚಿಕೊಂಡವರನ್ನು ಕಂಡು ನಾನು ಅನುಮಾನಿಸಿ ನಿಂತಾಗ ಪಾಸ್ಟರ್ ಅಯ್ಯನವರು, "ಹಣಿ ಮ್ಯಾಲೆ ಏನೈತಿ ನೋಡಬ್ಯಾಡಬೇ, ತಾಟಿನ್ಯಾಗ ಏನಿಲ್ಲ ಅದನ್ನ ನೋಡು" ಅಂದಿದ್ದರು.

ಅಷ್ಟು ಜನರ ರೊಟ್ಟಿ ಒಬ್ಬರ ಕೈಯಿಂದ ಆಗುವುದಲ್ಲ. ಓಣಿಯ ಹೆಂಗಸರೆಲ್ಲ ಒಣರೊಟ್ಟಿ ಕೊಡುತ್ತಿದ್ದರು. ಚರ್ಚಿಗೆ ಬರುವವರಷ್ಟೇ ಅಲ್ಲ. ಮಠದ ದಾಸೋಹಕ್ಕೆ ರೊಟ್ಟಿ ಕಟ್ಟುವ ಮನೆಗಳಿಂದಲೇ ನಮಗೂ ಒಂದು ಗಂಟು ಬರುತ್ತಿತ್ತು. ಎದುರು ಮನೆಯ ಖಾತೂನ್ ಚಾಚಿ ವಾರಕ್ಕೊಮ್ಮೆ ಸೆರಗಿನಲ್ಲಿ ಮುಚ್ಚಿಕೊಂಡು ತರುತ್ತಿದ್ದಳು. ಅವ್ವನ ತವರು ತಿರ್ಲಾಪುರದಿಂದ ಬಸ್ಸಿನಲ್ಲಿ ಬರುತ್ತಿತ್ತು. ಎಲ್ಲವೂ ಅಡುಗೆಮನೆಯ ಹಲಗೆಯ ಮೇಲಿನ ದೊಡ್ಡ ಬುಟ್ಟಿಯಲ್ಲಿ, ಹಳೆಯ ಧೋತರದ ಅರಿವೆಯೊಳಗೆ ಕೂಡುತ್ತಿದ್ದವು.

ನನಗೂ ಅವ್ವನಿಗೂ ಒಂದು ಆಟವಿತ್ತು. ನಾನು ಕಣ್ಣು ಮುಚ್ಚಬೇಕು. ಅವ್ವ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ನನ್ನ ಕೈಗೆ ಕೊಡುತ್ತಾಳೆ. ಅಂಚು ಸವರಿ ಯಾರ ಕೈಯದು ಎಂದು ಹೇಳಬೇಕು. ಚಾಚಿಯದು ದಪ್ಪ. ತಿರ್ಲಾಪುರದ್ದು ಅಗಲ, ನಡುವೆ ಉಬ್ಬು. ಅವ್ವನದನ್ನು ಮಾತ್ರ ನಾನು ಎಂದೂ ತಪ್ಪಲಿಲ್ಲ. ಸಣ್ಣವಳಿದ್ದಾಗ ಬೀಸುವ ಕಲ್ಲಿಗೆ ಸಿಕ್ಕು ಅವ್ವನ ಬಲಗೈ ಕಿರುಬೆರಳು ಸೆಟೆದು ನಿಂತಿತ್ತು, ಮಡಚುತ್ತಿರಲಿಲ್ಲ. ತೆಳ್ಳಗೆ ಬಡಿದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕುವಾಗ ಆ ಬೆರಳು ತಾಗಿ ಅಂಚಿನಲ್ಲಿ ಉಗುರಿನಷ್ಟು ತಗ್ಗು ಬೀಳುತ್ತಿತ್ತು. ಬೆಂದು ಒಣಗಿದರೂ ಅದು ಹಾಗೇ ಉಳಿಯುತ್ತಿತ್ತು.

ಆ ತಗ್ಗನ್ನು ಬಲ್ಲವರು ಇನ್ನೊಬ್ಬರಿದ್ದರು, ಫಕ್ಕೀರಪ್ಪಜ್ಜ. ಹತ್ತಿ ಅಂಡಿಗೆ ಹೊತ್ತು ಬೆನ್ನು ಬಾಗಿದ ಹಳೆಯ ಹಮಾಲ. ಬಾಯಲ್ಲಿ ಉಳಿದದ್ದು ಎರಡೇ ಹಲ್ಲು. ಅವ್ವನ ರೊಟ್ಟಿ ತೆಳ್ಳಗಿದ್ದುದರಿಂದ ಸಾರಿನಲ್ಲಿ ಲಗೂನೆ ನೆನೆಯುತ್ತಿತ್ತು. ನಾನು ಅವನ ಮುಂದೆ ಹೋದರೆ ಸಾಕು, "ನಿಮ್ಮವ್ವನ ಕೈದು ಐತೇನಬೇ?" ಅನ್ನುತ್ತಿದ್ದ.

ಆ ದಿನವೂ ಹಾಗೇ ಕೇಳಿದ. ಚಾಚಿ ಅಲ್ಲೇ ನೀರು ಹಾಕುತ್ತಿದ್ದಳು.

"ಯಾಕೋ ಅಜ್ಜಾ, ನಮ್ಮ ರೊಟ್ಟಿಗೆ ಏನಾಗೇತಿ?"

"ಏನಾಗಿಲ್ಲವಾ. ಮಳಿ ಬಂದ್ರ ಮನಿ ಸೋರತೇತಿ, ನಾಕು ಕೊಡು, ಮ್ಯಾಲೆ ಹೊಚ್ಚತೀನಿ."

"ಹಲ್ಲು ನೀ ಕಳಕೊಂಡು ರೊಟ್ಟಿಗೆ ಹೆಸರಿಡತೀ."

ಸಾಲಿನವರೆಲ್ಲ ನಕ್ಕರು. ಬಾಗಿಲಲ್ಲಿ ನಿಂತಿದ್ದ ಅವ್ವ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮೂಗಿನ ಮೇಲೆ ಹಿಟ್ಟು ಹತ್ತಿತು.

ಮಳೆಗಾಲಕ್ಕೆಂದು ಅವ್ವ ಅವತ್ತು ಬೆಳಗಿನಿಂದ ರೊಟ್ಟಿ ಮಾಡುತ್ತಿದ್ದಳು. ಅಂಗಳದ ಹೊರಸಿನ ಮೇಲೆ ಸಾಲಾಗಿ ಒಣಗಿದ್ದವು. ಎಳ್ಳು ಹಚ್ಚಿದ ಒಂದನ್ನು ನಾನು ಎತ್ತಿಕೊಂಡೆ.

"ಇಡು ಅದನ್ನ. ಅವು ಮಳಿಗಾಲಕ್ಕ. ನಿನಗ ಮುರುಕ ಅದಾವಲ್ಲ."

ಮುರಿದದ್ದು ಮನೆಗೆ, ಇಡೀ ರೊಟ್ಟಿ ಬಂದವರಿಗೆ. ಇದು ಅವ್ವನ ಕಟ್ಟಳೆ. ಎಲ್ಲರ ಮನೆಯ ಮುರುಕು ಕಲೆಸಿದ ಡಬ್ಬಿ ಒಂದಿತ್ತು, ಬಿಸಿರೊಟ್ಟಿ ಬಿಟ್ಟರೆ ನಾವು ತಿನ್ನುತ್ತಿದ್ದದ್ದು ಅದನ್ನು. ನಾನು ಮುಖ ಊದಿಸಿಕೊಂಡು ರೊಟ್ಟಿಯನ್ನು ಹೊರಸಿಗೆ ಒಗೆದೆ. ಅದು ಒಡೆಯಲಿಲ್ಲ. ಒಡೆದಿದ್ದರೆ ನನಗೇ ಸಿಗುತ್ತಿತ್ತು.

ಮರುದಿನ ಅವ್ವನಿಗೆ ಜ್ವರ ಬಂತು. ಎರಡು ದಿನ ಗುಳಿಗೆಯಲ್ಲಿ ಕಳೆಯಿತು. ಮೂರನೆಯ ದಿನ ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಹೋಗುವಾಗ ಜೀಪಿನಲ್ಲಿ ಕೂತು, "ಬುಟ್ಟಿಗೆ ಅರಿವಿ ಅಷ್ಟ ಮುಚ್ಚು. ಮ್ಯಾಲೆ ತಾಟ ಗೀಟ ಇಡಬ್ಯಾಡ, ರೊಟ್ಟಿಗೆ ಗಾಳಿ ಬೇಕು" ಅಂದಳು. ಅದಾದ ಆರನೆಯ ದಿನ ಅವಳನ್ನು ಮನೆಗೆ ತಂದರು. ಮಣ್ಣಿಗೆ ಇಟ್ಟ ಸಂಜೆಯೇ ಮೊದಲ ಮಳೆ ಬಿತ್ತು.

ಊಟದ ಹಾಲು ಮೂರು ದಿನ ಮುಚ್ಚಿತ್ತು. ನಾಲ್ಕನೆಯ ದಿನ ಅಪ್ಪ ಎದ್ದು ಒಲೆ ಹಚ್ಚಿದ. ನಾನು ಬುಟ್ಟಿ ಇಳಿಸಿ ರೊಟ್ಟಿ ತೆಗೆಯತೊಡಗಿದೆ. ದಿನ ಕಳೆದಂತೆ ಅಂಚಿನಲ್ಲಿ ತಗ್ಗಿದ್ದ ರೊಟ್ಟಿಗಳು ಕಡಿಮೆಯಾದವು. ಸಾಲಿನಲ್ಲಿ ಯಾರೋ ಗೊತ್ತಿಲ್ಲದವರು ಅವನ್ನು ಮುರಿದು ಬೇಳೆಗೆ ಅದ್ದುವುದನ್ನು ನೋಡಿದರೆ ನಾನು ಮುಂದಿನ ತಾಟಿಗೆ ಹಾಕುವುದನ್ನು ಮರೆತು ನಿಲ್ಲುತ್ತಿದ್ದೆ. ಒಂದು ದಿನ ಬುಟ್ಟಿಯ ತಳದವರೆಗೆ ಕೈ ಹಾಕಿ ಹುಡುಕಿದೆ. ಐದು ಉಳಿದಿದ್ದವು. ಐದನ್ನೂ ತೆಗೆದುಕೊಂಡೆ.

ಮಳೆ ಹನಿ ತಾಗಬಾರದೆಂದು ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎರಡು ಗಂಟು ಬಿಗಿದೆ. ಅವ್ವನ ತಗಡಿನ ಪೆಟ್ಟಿಗೆಯಲ್ಲಿ, ಅವಳ ಸೀರೆಗಳ ಕೆಳಗೆ ಇಟ್ಟೆ.

ಅಂದು ಮಧ್ಯಾಹ್ನ ಫಕ್ಕೀರಪ್ಪಜ್ಜ ದನಿ ತಗ್ಗಿಸಿ ಕೇಳಿದ. "ನಿಮ್ಮವ್ವನ ಕೈದು... ಇನ್ನೂ ಅದಾವೇನಬೇ?"

"ಇಲ್ಲಜ್ಜಾ. ತೀರ್ಯಾವ."

"ಹೂಂ" ಅಂದ. ಚಾಚಿಯ ರೊಟ್ಟಿಯನ್ನು ಚೂರು ಮಾಡಿ ಸಾರಿನಲ್ಲಿ ಹಾಕಿಕೊಂಡು ಕಾಯುತ್ತ ಕೂತ. ಉಳಿದವರೆಲ್ಲ ಉಂಡು ಎದ್ದು ಹೋದರು. ನಾನು ಕಸಬರಿಗೆ ಹಿಡಿದು ನಿಂತಿದ್ದೆ. ಅವನು ಮುಖ ಎತ್ತದೆ ಬೆರಳಿನಿಂದ ಚೂರುಗಳನ್ನು ಒತ್ತಿ ನೋಡುತ್ತಿದ್ದ, ನೆನೆದವೋ ಇಲ್ಲವೋ ಎಂದು.

ಆಮೇಲೆ ಅವನು ಮತ್ತೆ ಕೇಳಲಿಲ್ಲ. ದಿನಾ ಹಾಗೇ ಕಾದು ಕೂಡುತ್ತಿದ್ದ. ಶಾಲೆ ಶುರುವಾದ ಮೇಲೆ ನಾನು ಶಾಲೆಯಿಂದ ಬಂದವಳೇ ಪೆಟ್ಟಿಗೆ ತೆರೆದು, ಚೀಲದ ಹೊರಗಿನಿಂದಲೇ ಅಂಚುಗಳನ್ನು ಮುಟ್ಟುತ್ತಿದ್ದೆ. ಒಂದು, ಎರಡು, ಐದೂ ತಗ್ಗು ಸಿಗುತ್ತಿದ್ದವು. ಬಿಚ್ಚಲಿಲ್ಲ. ಬಿಚ್ಚಿದರೆ ತಿನ್ನಬೇಕೆನಿಸುತ್ತದೆ, ತಿಂದರೆ ತೀರುತ್ತವೆ ಎಂದು ಹೆದರಿಕೆ.

ಶ್ರಾವಣದ ಜಿಟಿಜಿಟಿ ಮಳೆ ಬಹಳ ದಿನ ಹಿಡಿಯಿತು. ಆ ದಿನಗಳಲ್ಲೇ ಒಂದು ಸಂಜೆ ಅಂಚುಗಳು ಕೈಗೆ ಸಿಗಲಿಲ್ಲ. ಮೆತ್ತಗಾಗಿದ್ದವು. ಗಂಟು ಬಿಚ್ಚಿದೆ. ಚೀಲದ ಒಳಗೆಲ್ಲ ಬೆವರಿನಂತೆ ನೀರು. ಐದೂ ಒಂದಕ್ಕೊಂದು ಅಂಟಿ, ಹಸಿರು ಕಪ್ಪು ಬೂಸ್ಟು ಹಿಡಿದಿದ್ದವು.

ಭಾನುವಾರದ ಶಾಲೆಯಲ್ಲಿ ಹೇಳಿಕೊಟ್ಟ ಕಥೆ ತಟ್ಟನೆ ನೆನಪಾಯಿತು. ಅಡವಿಯಲ್ಲಿ ಆಕಾಶದಿಂದ ಬಿದ್ದ ಮನ್ನವನ್ನು ನಾಳೆಗೆಂದು ಮುಚ್ಚಿಟ್ಟವರ ಮನೆಯಲ್ಲಿ ಅದು ಹುಳ ಹಿಡಿಯಿತಲ್ಲ, ಅದು. ನಾನು ಚೀಲ ಎತ್ತಿಕೊಂಡು ಅಪ್ಪನ ಬಳಿಗೆ ಓಡಿದೆ. ಅವನು ಒಲೆಯ ಮುಂದೆ ಬೇಳೆ ಆರಿಸುತ್ತಿದ್ದ.

"ಅಪ್ಪಾ, ನಾ ಮುಚ್ಚಿಟ್ಟೆ. ಅಜ್ಜಗ ಸುಳ್ಳ ಹೇಳಿದೆ. ಅದಕ್ಕ ದೇವರು ಹಿಂಗ ಮಾಡ್ಯಾನ."

ಅಪ್ಪ ಚೀಲದೊಳಗೆ ನೋಡಿದ. "ದೇವರಲ್ಲಬೇ. ಪ್ಲಾಸ್ಟಿಕ್" ಅಂದ.

ಆಮೇಲೆ ಮೇಲಿನ ರೊಟ್ಟಿಯನ್ನು ಮೆಲ್ಲಗೆ ಬಿಡಿಸಿ ತೆಗೆದ. ಬೂಸ್ಟನ್ನು ಹೆಬ್ಬೆರಳಿನಿಂದ ಒರೆಸಿ ಅಂಚನ್ನು ಹುಡುಕಿದ. ತಗ್ಗು ಸಿಕ್ಕಿತು. ಅದರ ಮೇಲೆ ಬೆರಳಿಟ್ಟುಕೊಂಡು ಕೂತ.

"ನಾನೂ ಬುಟ್ಯಾಗ ಹುಡುಕಿದ್ದೆ" ಅಂದ. "ಒಂದರ ಇರಬೇಕಂತ. ತೀರ್ಯಾವ ಅಂತ ತಿಳಕೊಂಡೆ."

ನಾನು ಅತ್ತದ್ದು ಆಗ. ಬೂಸ್ಟು ಕಂಡಾಗ ಅತ್ತಿರಲಿಲ್ಲ.

ಮರುದಿನ ಶನಿವಾರ, ಬೆಳಗಿನ ಶಾಲೆ. ಮಧ್ಯಾಹ್ನ ಅಜ್ಜನ ಮುಂದೆ ರೊಟ್ಟಿಯ ತಾಟು ಹಿಡಿದು ಕೂತು ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ.

"ಎಷ್ಟಿದ್ವು?"

"ಐದು."

"ನೀ ಒಂದರ ತಿಂದ್ಯೋ ಇಲ್ಲೋ?"

"ಇಲ್ಲ."

ಅವನು ಚೂರು ಮಾಡುವುದನ್ನು ನಿಲ್ಲಿಸಿದ. ನನ್ನ ಮುಖವನ್ನೇ ನೋಡಿದ. "ಹುಚ್ಚಿ" ಅಂದ. "ನನಗ ಕೊಡದಿದ್ರ ಹೋಗ್ಲಿ. ನೀನರ ತಿನ್ನಬೇಕಿತ್ತಲ್ಲಬೇ." ತಾಟು ಮುಂದೆ ಮಾಡಿದ. "ಸಾರು ಹಾಕು. ಇವು ನೆನೀಲಿ."

ಅಜ್ಜ ಆ ನಂತರ ಎರಡು ಮಳೆಗಾಲ ಬಂದ. ಅವನ ರೊಟ್ಟಿಯನ್ನು ನಾನು ಬೇರೆ ಬೋಗುಣಿಯಲ್ಲಿ ಮೊದಲೇ ನೆನೆಸಿಡುತ್ತಿದ್ದೆ. ಅಷ್ಟೇ ನನಗೆ ಮಾಡಲಿಕ್ಕಾದದ್ದು.

ಈಗ ನಾನು ಕಲಘಟಗಿಯಲ್ಲಿ ನೌಕರಿ ಮಾಡುತ್ತೇನೆ. ರಜೆ ಸಿಕ್ಕಾಗ ನವಲಗುಂದಕ್ಕೆ ಹೋಗಿ ಊಟ ಬಡಿಸುತ್ತೇನೆ. ತಗಡು ಹೋಗಿ ಆರ್‌ಸಿಸಿ ಬಂದಿದೆ. ಬೇಳೆಗೆ ಒಗ್ಗರಣೆ ಕೊಡುವಾಗ ಅಪ್ಪ ಈಗಲೂ ಯಾರನ್ನೂ ಒಲೆಯ ಬಳಿ ಬಿಡುವುದಿಲ್ಲ. ಚಾಚಿಯ ಕಣ್ಣು ಮಂಜಾಗಿದೆ, ಗಂಟು ಕಟ್ಟಿ ಕೊಡುವ ಮನೆಗಳೂ ಕಡಿಮೆಯಾಗಿವೆ. ರೊಟ್ಟಿ ಕೇಂದ್ರದಿಂದ ಮಷಿನ್ನಿನಲ್ಲಿ ಮಾಡಿದ್ದು ಬರುತ್ತದೆ. ಒಳ್ಳೆಯ ರೊಟ್ಟಿ, ತೆಳ್ಳಗಿದೆ, ಎಲ್ಲವೂ ಒಂದೇ ಗುಂಡು. ಅಜ್ಜ ಇದ್ದಿದ್ದರೆ ಯಾರನ್ನೂ ಕೇಳದೆ ತಿನ್ನುತ್ತಿದ್ದ. ಒಬ್ಬೊಬ್ಬರ ತಾಟಿಗೆ ಹಾಕುವಾಗ ನನ್ನ ಹೆಬ್ಬೆರಳು ತಾನೇ ಅಂಚನ್ನು ಸವರಿ ಬರುತ್ತದೆ. ಯಾರ ಕೈಯದೂ ಅಲ್ಲ ಅವು.

ಮನೆಯಲ್ಲಿ ನಾನೂ ರೊಟ್ಟಿ ಬಡಿಯುತ್ತೇನೆ. ಅವ್ವನ ಹಾಗೆ ತೆಳ್ಳಗೇ ಬರುತ್ತದೆ. ನನ್ನ ಕಿರುಬೆರಳು ಮಡಚುತ್ತದೆ.

ಅವ್ವನ ಬಿಸಿರೊಟ್ಟಿಯನ್ನು ನಾನು ದಿನಾ ತಿಂದಿದ್ದೇನೆ. ದಿನಾ ತಿನ್ನುವುದನ್ನು ಲಕ್ಷ್ಯವಿಟ್ಟು ತಿನ್ನುವವರು ಯಾರು. ಅವಳ ಸಪ್ಪಳ, ಹಿಟ್ಟಿನ ವಾಸನೆ, ಅಂಚಿನ ತಗ್ಗು ಎಲ್ಲ ನೆನಪಿವೆ. ಆ ರೊಟ್ಟಿಯ ರುಚಿ ನನಗೆ ನೆನಪಿಲ್ಲ.