ಬಾಗಿಲ ಮುಂದಿನ ಅಣ್ಣ ತಂಗಿ

"ಆ ಮನೇಲಿ ಟೀವಿ ಮಾತಾಡುತ್ತೆ, ಮನುಷ್ಯರು ಮಾತಾಡಲ್ಲ" ಅಂತ ಜಪಾನಿನ ಒಮುತಾ ಊರಿನ ಎಬಿಸು ಬೀದಿಯಲ್ಲಿ ಕುನಿಕೊಳ ಬಗ್ಗೆ ಒಂದು ಮಾತಿತ್ತು. ತೋಫು ಅಂಗಡಿಯ ಹಮಾನೊ ಅದಕ್ಕೆ ಒಗ್ಗರಣೆ ಹಾಕುತ್ತಿದ್ದಳು: "ಅರವತ್ತೊಂದಾದ್ರೂ ಗುಂಡಿ ಒತ್ತೋದು ಬಿಟ್ಟಿಲ್ಲ. ಒತ್ತೀ ಒತ್ತೀ ಯಾವ ಬಾಗಿಲು ತೆಗೀಬೇಕೋ ಮಹಾತಾಯಿಗೆ!"

ಹಮಾನೊ ತಮಾಷೆಗೆ ಅಂದದ್ದು. ಆದರೆ ಕುನಿಕೊ ತೆಗೆಯಬೇಕಾದ ಬಾಗಿಲೊಂದು ನಿಜಕ್ಕೂ ಇತ್ತು.

ಒಂದು ಕಾಲದಲ್ಲಿ ಆ ಮನೆಯ ಮುಂಭಾಗವೇ ಅಂಗಡಿ. ಟೀವಿಗೆ ಸಿಕ್ಕಿಸಿ ಆಡುವ ಆಟದ ಪೆಟ್ಟಿಗೆ, ಅದಕ್ಕೆ ಹಾಕುವ ಕ್ಯಾಸೆಟ್ಟು, ಕುನಿಕೊ ಮತ್ತು ಗಂಡ ಯಸುಮಾಸನ ವ್ಯಾಪಾರ ಅಷ್ಟೇ. ಹೊಸ ಕ್ಯಾಸೆಟ್ಟು ಬಂದ ಬೆಳಿಗ್ಗೆ ಸಾಲು ಮೀನಂಗಡಿ ದಾಟುತ್ತಿತ್ತು. ಆಮೇಲೆ ಊರಲ್ಲಿ ಮಕ್ಕಳು ಕಡಿಮೆಯಾದರು, ಇದ್ದ ಮಕ್ಕಳ ಆಟ ಅಂಗೈಗೆ ಬಂತು. ಒಂದೇ ಬೆಂಚಿನ ಮೇಲೆ ಕೂತ ನಾಲ್ವರು ನಾಲ್ಕು ಫೋನಿನೊಳಗೆ. ಆಟದ ಪೆಟ್ಟಿಗೆಗೋ ಟೀವಿ ಬೇಕು, ಕೋಣೆ ಬೇಕು, ಪಕ್ಕದಲ್ಲಿ ಒಬ್ಬರು ಬೇಕು. ಅಂಗಡಿಯ ಬಾಗಿಲು ಬಿತ್ತು.

ಅಂಗಡಿ ನಡೆಯುತ್ತಿದ್ದಾಗ, ರಜೆಯ ಬುಧವಾರಗಳಲ್ಲಿ ಗಂಡ ಹೆಂಡತಿ ಹೊದಿಕೆ ಹಾಸಿದ ಬಿಸಿಮೇಜಿನಡಿ ಕಾಲು ಚಾಚಿ ಒಂದೇ ಕ್ಯಾಸೆಟ್ಟು ಆಡುತ್ತಿದ್ದರು. ಅಣ್ಣ ತಂಗಿ ಇಬ್ಬರು ಬೆಟ್ಟ ದಾಟಿ ಹೋಗುವ ಕತೆ ಅದು. ಅವನು ಅಣ್ಣ, ಇವಳು ತಂಗಿ. ಯಸುಮಾಸನಿಗೆ ಅವಸರವೆಂಬುದಿಲ್ಲ, ದಾರಿಯಲ್ಲಿ ಬಾವಿ ಕಂಡರೆ ನಿಂತು ಇಣುಕಲೇಬೇಕು. ಹೀಗೆ ಎರಡು ಚಳಿಗಾಲ ಕಳೆದು ಒಂದು ಕಲ್ಲುಬಾಗಿಲಿಗೆ ಬಂದರು. ಇಬ್ಬರೂ ಒಟ್ಟಿಗೆ ಸರಪಳಿ ಎಳೆದರಷ್ಟೇ ತೆರೆಯುವ ಬಾಗಿಲು.

"ಕೈ ಸೋತಿದೆ, ಮುಂದಿನ ಬುಧವಾರ ಎಳೆಯೋಣ ಬಿಡೇ" ಅಂದ ಯಸುಮಾಸ. ಆ ಬುಧವಾರದ ಹೊತ್ತಿಗೆ ಅವನಿರಲಿಲ್ಲ.

ಇದಾಗಿ ಹನ್ನೊಂದು ವರ್ಷ. ಕ್ಯಾಸೆಟ್ಟು ಹಾಕಿದಾಗಲೆಲ್ಲ ಇಬ್ಬರೂ ಆ ಬಾಗಿಲ ಮುಂದೆಯೇ ಇರುತ್ತಾರೆ. ತಂಗಿ ಅತ್ತಿತ್ತ ಓಡಾಡುತ್ತಾಳೆ. ಅಣ್ಣ ನಿಂತಲ್ಲೇ ನಿಂತಿರುತ್ತಾನೆ. ಒಮ್ಮೆ ಕುನಿಕೊ ಗಂಡನ ಕಂಟ್ರೋಲರನ್ನು ಕಾಲ್ಬೆರಳಿಂದ ಒತ್ತಿ ನೋಡಿದಳು. ಅಣ್ಣ ಹೋಗಿ ಹೊಳೆಗೆ ಬಿದ್ದ. ಒಬ್ಬಳೇ ನಕ್ಕಳು. ಆಮೇಲೆ, ಗಂಡನನ್ನು ಕಾಲಿಂದ ಒದ್ದ ಹಾಗಾಯಿತಲ್ಲ ಎಂದು ಸಂಕಟಪಟ್ಟಳು.

ಈಗ ಜಾಗದ ಒಡೆಯ ಬೀದಿಯನ್ನೇ ಕೆಡವಿಸಿ ಕಾರು ನಿಲ್ಲಿಸುವ ಬಯಲು ಮಾಡುತ್ತಾನಂತೆ. ತಿಂಗಳ ಕೊನೆಗೆ ಎಲ್ಲರೂ ಖಾಲಿ ಮಾಡಬೇಕು. ಹೋಗುವ ಮೊದಲು, ಈ ಕೋಣೆಯಲ್ಲೇ ಕೂತು ಆ ಬಾಗಿಲೊಂದು ತೆಗೆಯಬೇಕು ಅನ್ನುವುದಷ್ಟೇ ಕುನಿಕೊಳ ಆಸೆ.

"ಹತ್ತು ನಿಮಿಷ ಬಂದು ಕೂರೇ" ಎಂದು ಹಮಾನೊಳನ್ನು ಕರೆದಳು.

"ನಂಗೇನು ಬೇರೆ ಕೆಲಸ ಇಲ್ವಾ? ತೋಫು ನೀನು ಮಾಡ್ತೀಯಾ?"

ಕೊನೆಗೆ ಬಂದವನು ಕುರುಮೆ ಊರಿನ ಹಾಗಾ ಎಂಬವನು. ಮನೆಮನೆ ಸುತ್ತಿ ಹಳೆಯ ಆಟದ ಪೆಟ್ಟಿಗೆ ಕೊಳ್ಳುವ ನಲವತ್ತರ ಆಳು. ಅಂಗಡಿಯ ಉಳಿಕೆ ನೋಡಿ ಅವನ ಕಣ್ಣರಳಿತು.

"ಅಕ್ಕಾ, ಇವಕ್ಕೆಲ್ಲ ಮತ್ತೆ ಜೀವ ಬಂದಿದೆ. ಪರದೇಶದವರು ಕೇಳ್ತಾರೆ. ನಮ್ಮೋರೂ ಮಕ್ಕಳನ್ನ ಫೋನಿಂದ ಬಿಡಿಸಿ ಟೀವಿ ಮುಂದೆ ಕೂರಿಸ್ತೀವಿ ಅಂತ ಬರ್ತಾರೆ."

"ಆಡೋಕೋ, ಗಾಜಿನ ಕಪಾಟಲ್ಲಿ ಇಡೋಕೋ?"

"ಅರ್ಧಕ್ಕರ್ಧ" ಎಂದು ನಕ್ಕ. ಸುಳ್ಳು ಹೇಳದ ಆಳೆಂದು ಕುನಿಕೊಗೆ ಹಿಡಿಸಿದ. ಬಾಗಿಲಿನ ಕತೆಯಲ್ಲಿ ಗಂಡನ ಮಾತು ಬಿಟ್ಟು ಉಳಿದದ್ದು ಹೇಳಿದಳು. "ಅದಕ್ಕೇನಂತೆ, ಎಳೆಯೋಣ" ಅಂದ. "ಸಿಕ್ಕಿಸೋ ಬಾಯಿ ಕಪ್ಪಾಗಿದೆ, ಸ್ವಲ್ಪ ಒರೆಸು" ಎಂದು ಕ್ಯಾಸೆಟ್ಟು ಅವನ ಕೈಗಿಟ್ಟು ಚಹಾ ಮಾಡಲು ಒಳಗೆ ಹೋದಳು.

ಹಾಗಾ ಅಚ್ಚುಕಟ್ಟಿನ ಕೆಲಸಗಾರ. ಕೈಗೆ ಬಂದ ಕ್ಯಾಸೆಟ್ಟನ್ನು ಬಿಚ್ಚದೆ ಒರೆಸುವವನಲ್ಲ. ಬಿಚ್ಚಿದರೆ ಒಳಗಿನ ಹಳೆಯ ಬ್ಯಾಟರಿ ಬದಲಿಸದೆ ಮುಚ್ಚುವವನಲ್ಲ. ಕೇಳದೆಯೇ ಉಪಕಾರ ಮಾಡುವುದು ಅವನ ಪದ್ಧತಿ. ಚಹಾ ಬರುವಷ್ಟರಲ್ಲಿ ಹೊಸ ಬ್ಯಾಟರಿ ಬೆಸೆದಿದ್ದ. ಆಟ ಎಲ್ಲಿಯವರೆಗೆ ಬಂದಿದೆ ಎನ್ನುವ ನೆನಪು ಆ ಹಳೆಯ ಬ್ಯಾಟರಿಯ ಉಸಿರಿನಲ್ಲಿತ್ತು.

ಕುನಿಕೊ ಸ್ವಿಚ್ಚು ಹಾಕಿದಳು. ಬಾಗಿಲಿಲ್ಲ, ಅಣ್ಣನಿಲ್ಲ. ಹೊಸ ಆಟ ಶುರುಮಾಡಿ ಎಂಬ ಸಾಲೊಂದೇ ಮಿನುಗುತ್ತಿತ್ತು.

"ಅದರಲ್ಲಿ ನಮ್ಮನೆಯವರಿದ್ರು" ಎಂದಳು ಮೆಲ್ಲಗೆ.

ಹಾಗಾ ತಾನು ತೆಗೆದಿಟ್ಟ ಹಳೆಯ ಬ್ಯಾಟರಿಯತ್ತ ನೋಡಿದ. ತಪ್ಪಾಯಿತೆಂದು ಚಾಪೆಗೆ ಹಣೆ ಹಚ್ಚಿ ಬಿದ್ದವನು ಏಳಲೇ ಇಲ್ಲ. ಚಹಾ ಆರಿತು.

"ಏಳಪ್ಪಾ. ಅಲ್ಲಿ ನೆಲದ ಹಲಗೆ ಕುಂಬಾಗಿದೆ, ಮುರಿದು ಒಳಗೆ ಹೋಗಿಬಿಟ್ಟೀಯ. ಮನೆ ಬಿಡೋಕೆ ನಂಗಿನ್ನೂ ಏಳು ದಿನ ಇದೆ. ಆ ಕಂಟ್ರೋಲರ್ ತಗೋ."

ಏಳು ಮಧ್ಯಾಹ್ನ ಹಾಗಾ ಬಂದ. ಜಾಣ ಆಟಗಾರ, ಬಾವಿಗಳನ್ನು ತಿರುಗಿಯೂ ನೋಡದೆ ಓಡುತ್ತಿದ್ದ. ಒಂದು ಬಾವಿಯ ಬಳಿ ತಂಗಿ ಸುಮ್ಮನೆ ನಿಂತುಬಿಟ್ಟಳು.

"ಇಲ್ಲೇನೂ ಸಿಗಲ್ಲ ಅಕ್ಕಾ."

"ಗೊತ್ತು."

ಏಳನೆಯ ದಿನ ಇಬ್ಬರೂ ಸರಪಳಿ ಎಳೆದರು. ಬಾಗಿಲು ತೆರೆಯಿತು. ಆಚೆ ಒಂದು ಹುಲ್ಲುಗಾವಲು, ಮೇಯುವ ನಾಲ್ಕು ಹಸು, ಮುಂದಕ್ಕೊಂದು ದಾರಿ. ಕುನಿಕೊಳ ಬೆರಳು ಆಡಲಿಲ್ಲ. ಹಾಗಾ ಆಡಿಸುತ್ತಿದ್ದ ಅಣ್ಣ ಹೊಸ್ತಿಲಲ್ಲಿ ಕಾಲು ಬಡಿಯುತ್ತಿದ್ದ.

"ನೀವು ಬರ್ದೆ ನಂಗೆ ಮುಂದೆ ಹೋಗೋಕಾಗಲ್ಲ ಅಕ್ಕಾ. ಆಟ ಬಿಡಲ್ಲ."

ಅವಳು ತಂಗಿಯನ್ನು ಒಂದೊಂದೇ ಹೆಜ್ಜೆ ನಡೆಸಿ ಹುಲ್ಲಿಗೆ ತಂದಳು. ಆಮೇಲೆ ತಾನೇ ಸ್ವಿಚ್ಚು ಆರಿಸಿದಳು.

"ಈ ಕ್ಯಾಸೆಟ್ಟನ್ನೂ ತಗೊಂಡು ಹೋಗು. ಇಬ್ಬರು ಜೊತೇಲಿ ಬಂದು ಕೇಳಿದ್ರೆ ಕೊಡು. ಒಬ್ಬನೇ ಬಂದ್ರೆ ಇಲ್ಲ ಅನ್ನು."

ಟೀವಿ, ಆಟದ ಪೆಟ್ಟಿಗೆ ಎಲ್ಲ ತುಂಬಿಕೊಂಡು ಹಾಗಾನ ವ್ಯಾನು ಹೋಯಿತು. ಕುನಿಕೊ ಟೀವಿ ಇದ್ದ ಜಾಗದ ಧೂಳು ಒರೆಸಿ, ಬಟ್ಟೆ ಹಿಂಡಿ ಒಣಹಾಕಿದಳು. ನಾಳೆ ಅದನ್ನು ತೆಗೆಯುವವರಿಲ್ಲ ಎಂದು ಹೊಳೆದು, ಮತ್ತೆ ತೆಗೆದು ಹಸಿಯಾಗಿಯೇ ಚೀಲಕ್ಕೆ ತುರುಕಿದಳು. ಶೂ ಹಾಕಿಕೊಂಡು, ಅನ್ನದ ಕುಕ್ಕರ್ ಕಟ್ಟಿದ್ದ ಗಂಟನ್ನು ಎತ್ತಿಕೊಂಡು, ಹೊರಗೆ ಬಂದು ಬಾಗಿಲೆಳೆದುಕೊಂಡಳು.