ಫಾರಿನ್ ಮೇಡಂ ಹೇಳಿದ ಸತ್ಯ

ಸೇತುವೆ ಕಟ್ಟುವುದನ್ನು ಕಲಿತು ಹೊರದೇಶದಿಂದ ಮರಳಿದ ಯುವತಿ ಊರಿನ ಕಂಪನಿಗಳಿಗೆಲ್ಲ ಅಲೆದು ಚಪ್ಪಲಿ ಸವೆಸಿದಳು. ಒಬ್ಬರು, "ಇಲ್ಲಿನ ಅನುಭವ ಇಲ್ವಲ್ಲ" ಎಂದರು. ಇನ್ನೊಬ್ಬರು, "ನಮ್ಮ ಸಂಬಳ ನಿಮ್ಮ ಕಣ್ಣಿಗೆ ಕಾಣಲ್ಲ ಬಿಡಿ" ಎಂದು, ಅವಳು ಬಾಯಿ ತೆರೆಯುವ ಮೊದಲೇ ಬಾಗಿಲು ತೋರಿಸಿದರು. ಮತ್ತೊಂದು ಕಡೆ ಸಂದರ್ಶನ ಮಾಡಿದವನು ಅವಳ ಜೊತೆ ಓದಿ, ಎಲ್ಲೂ ಹೋಗದೆ ಇಲ್ಲೇ ಉಳಿದವನು. ಅವಳ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು, "ಕಾಗದ ಮಾತ್ರ ದಪ್ಪಗಿದೆ ಕಣೆ" ಎಂದು ನಕ್ಕ.

ಮನೆಯಲ್ಲಿ ಚಿಕ್ಕಮ್ಮ ಬಂದವರ ಎದುರೇ, "ನಮ್ಮ ಇಂಜಿನಿಯರಮ್ಮ ಬಚ್ಚಲಿನ ನಲ್ಲಿ ಸೋರೋದನ್ನಾದ್ರೂ ನಿಲ್ಲಿಸ್ತಾಳೇನೋ ಅಂತ ಕಾಯ್ತಿದ್ದೀವಿ" ಎನ್ನುತ್ತಿದ್ದಳು. ಅಪ್ಪ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಕೊನೆಗೆ ಕೆಲಸ ಕೊಟ್ಟವನು, ಅವಳನ್ನು ಹೊರದೇಶಕ್ಕೆ ಕಳಿಸಿದ್ದ ಏಜೆಂಟನೇ. ಅವನ ಆಫೀಸಿನ ಮುಂದಿನ ಮೇಜಿನಲ್ಲಿ ಕೋಟು ತೊಟ್ಟು ಕೂತು, ಓದಲು ಹೊರಟವರನ್ನು ನೋಡಿ ನಗಬೇಕು. ಗಿರಾಕಿಗಳ ಎದುರು ಅವಳು 'ಫಾರಿನ್ ಮೇಡಂ'. ಅವರು ಎದ್ದು ಹೋದ ಮೇಲೆ, "ಏನಮ್ಮಾ, ಆ ಕಪ್ಪು ತೊಳೆದಿಡು."

ಒಂದು ದಿನ ಬಟ್ಟೆ ಅಂಗಡಿಯವನೊಬ್ಬ ಮಗಳನ್ನು ಕರೆತಂದ. ಹುಡುಗಿ ತಾನೂ ಸೇತುವೆಯನ್ನೇ ಓದುತ್ತೇನೆಂದಳು. ಮಾತಾಡುವಾಗ ಅವಳ ಕೈಗಳು ಗಾಳಿಯಲ್ಲಿ ಕಮಾನು ಬರೆಯುತ್ತಿದ್ದವು. ಅದನ್ನು ನೋಡುತ್ತ ನೋಡುತ್ತ ಇವಳು ನಗುವುದನ್ನು ಮರೆತಳು. ಏಜೆಂಟ ಒಳಕೋಣೆಯಲ್ಲಿದ್ದ.

"ಕಳಿಸ್ಬೇಡಿ ಸಾರ್" ಎಂದಳು ತಗ್ಗಿದ ದನಿಯಲ್ಲಿ. "ನಾನೂ ಅದನ್ನೇ ಓದಿ ಬಂದೆ. ಯಾರೂ ಹತ್ರ ಸೇರಿಸ್ಲಿಲ್ಲ. ಇಲ್ಲಿ ಕಪ್ಪು ತೊಳೀತೀನಿ."

ಅಂಗಡಿಯವನು ಬಣ್ಣ ಬಿಡುವ ಬಟ್ಟೆಯನ್ನು ನೋಡುವ ಹಾಗೆ ಅವಳನ್ನು ನೋಡಿದ. "ನಿನ್ನ ಕೈಲಾಗ್ಲಿಲ್ಲ ಅಂದ್ರೆ ನನ್ನ ಮಗಳ ಕೈಲೂ ಆಗಲ್ಲ ಅಂತೇನಮ್ಮ?"

"ಬಿಡಪ್ಪಾ, ಪಾಪ" ಎಂದಳು ಹುಡುಗಿ, ನಗು ತಡೆಯುತ್ತ. "ಎಲ್ರೂ ಒಂದೇ ಥರ ಇರ್ತಾರಾ?"

ಅಲ್ಲೇ ಸಹಿ ಹಾಕಿ ಎದ್ದರು.

ಏಜೆಂಟ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಕೆಲಸ ಹೋಯಿತೆಂದು ಅವಳು ಬ್ಯಾಗು ಹೆಗಲಿಗೇರಿಸಿದಳು. ಹೋದರೆ ಹೋಗಲಿ ಎನ್ನಿಸಿ ಮನಸ್ಸು ಹಗುರವೂ ಆಗಿತ್ತು.

"ಎಲ್ಲಿಗಮ್ಮ? ಕೂತ್ಕೋ" ಎಂದ ಅವನು. "ಇಷ್ಟು ದಿನ ನೀನು ನಗ್ತಿದ್ದೆ, ಅವ್ರು ಯೋಚ್ನೆ ಮಾಡಿ ಹೇಳ್ತೀವಿ ಅಂತ ಎದ್ದು ಹೋಗ್ತಿದ್ರು. ಇವತ್ತು ಅಳುಮುಖ ತೋರಿಸ್ದೆ, ನಿಂತ ಕಾಲಲ್ಲೇ ಸಹಿ ಬಿತ್ತು. ನಾಳೆಯಿಂದ ಎಲ್ರಿಗೂ ಹೀಗೇ ಹೇಳು. ಆ ಕೋಟು ಬೇಡ, ಯಾವುದಾದ್ರೂ ಹಳೇ ಬಟ್ಟೆ ಹಾಕ್ಕೊಂಡು ಬಾ."

ಮರುದಿನ ಅವಳು ಮಾಸಿದ ಅಂಗಿ ತೊಟ್ಟು ಹೋದಳು. ಎದುರು ಕೂತ ತಾಯಿಗೂ ಮಗನಿಗೂ ತನ್ನ ಕಥೆಯನ್ನೆಲ್ಲ ಹೇಳಿದಳು. ತಾಯಿ ಲೊಚಗುಟ್ಟುತ್ತ ಕೇಳಿ, ನೀರಿನ ಲೋಟವನ್ನು ಅವಳ ಕಡೆ ಸರಿಸಿ, ಮಗನತ್ತ ತಿರುಗಿದಳು.

"ನೋಡಿದ್ಯಾ? ನೀನು ಚೆನ್ನಾಗಿ ಓದ್ಬೇಕಪ್ಪ."